ಮೊಳ ಹೂವು, ಹಿಡಿ ಮಣ್ಣು, ಬೊಗಸೆ ನೀರು

ದಸರಾ ರಜೆ ಮುಗಿದು ಶಾಲೆಗಳು ಶುರುವಾದವೆಂದರೆ ಮಕ್ಕಳ ಬಾಯಲ್ಲಿ ಒಂದೇ ಪ್ರಶ್ನೆ: ಈ ಸಲ ಟ್ರಿಪ್ ಎಲ್ಲಿಗೆ? ನವೆಂಬರ್, ಡಿಸೆಂಬರ್ ತಿಂಗಳಲ್ಲಿ ಬೆಳಗಿನ ಜಾವ ಬೆಂಗಳೂರಿನ ಹೆದ್ದಾರಿಗಳಲ್ಲಿ ಶಾಲೆಯ ಬ್ಯಾನರ್ ಕಟ್ಟಿಕೊಂಡ ಬಸ್ಸುಗಳು ಒಂದರ ಹಿಂದೊಂದು ಹೋಗುತ್ತಿರುತ್ತವೆ. ಮೈಸೂರು, ಬೇಲೂರು, ಹಳೇಬೀಡು, ಹಂಪಿ. ಹೈಸ್ಕೂಲಿನ ಮಕ್ಕಳು ಇವನ್ನೆಲ್ಲ ನೋಡಬೇಕು, ನೋಡಲಿ. ನಾನು ಇವತ್ತು ಮಾತಾಡುತ್ತಿರುವುದು ಒಂದರಿಂದ ಐದನೇ ತರಗತಿಯ ಪುಟ್ಟ ಮಕ್ಕಳ ಬಗ್ಗೆ. ಕಂಟೋನ್ಮೆಂಟ್ ಭಾಗದ ಪ್ರಾಥಮಿಕ ಶಾಲೆಗಳಲ್ಲಿ ಬಹಳ ಕಾಲ ಪಾಠ ಮಾಡಿದವಳಾಗಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬಲ್ಲೆ. ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೊಮ್ಮೆ ದೂರದ ಊರಿಗೆ ಓಡಿಹೋಗಿ ಬರುವ ಪ್ರವಾಸಕ್ಕಿಂತ, ತಿಂಗಳಿಗೊಮ್ಮೆ ಶಾಲೆಯ ಸುತ್ತಮುತ್ತಲಿನ ಒಂದು ಜಾಗಕ್ಕೆ ಹೋಗಿ, ಅಲ್ಲಿ ಕೈಯಾರೆ ಏನಾದರೂ ಮಾಡಿ ಬರುವ ಭೇಟಿ ಹೆಚ್ಚು ಕಲಿಸುತ್ತದೆ. ಆ ಭೇಟಿಗೆ ತರಗತಿಯ ಪ್ರತಿಯೊಂದು ಮಗುವೂ ಹೋಗುವಂತಿರಬೇಕು.

ಇದು ಯಾರೋ ಒಬ್ಬ ಟೀಚರಿನ ಆಸೆ ಮಾತ್ರ ಎಂದುಕೊಳ್ಳಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಮಕ್ಕಳು ಚಟುವಟಿಕೆಯಿಂದ, ತಾವೇ ಹುಡುಕಿ ಕಂಡುಕೊಳ್ಳುವುದರಿಂದ ಕಲಿಯಬೇಕು ಎನ್ನುತ್ತದೆ. ಅದಕ್ಕೂ ಮೊದಲೇ, 1995ರ ಹೊತ್ತಿಗೆ, ನಮ್ಮ ಹೆಗ್ಗಡದೇವನಕೋಟೆಯ ಹಳ್ಳಿ ಶಾಲೆಗಳಲ್ಲಿ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿ ಹುಟ್ಟಿ, ಆಮೇಲೆ ರಾಜ್ಯಕ್ಕೆಲ್ಲ ಹರಡಿತು. ಇನ್ನೂ ಹಿಂದೆ ಹೋದರೆ, ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಜೊತೆ ಇದೇ ಬಗೆಯ ಪ್ರಯೋಗ ಮಾಡಿದ್ದರು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಕೂಡ ಕೈಕೆಲಸವನ್ನೇ ಪಾಠದ ನಡುವೆ ತಂದು ಕೂರಿಸಿತು. ಇತ್ತೀಚೆಗೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ನಡೆದ ಕಲಿಕಾ ಹಬ್ಬದಲ್ಲಿ 'ಊರು ತಿಳಿಯೋಣ' ಎಂದೇ ಒಂದು ವಿಭಾಗವಿತ್ತು. ತಿಂಗಳಿಗೊಂದು ಶನಿವಾರ ಬ್ಯಾಗಿಲ್ಲದೆ ಶಾಲೆಗೆ ಬರುವ 'ಸಂಭ್ರಮ ಶನಿವಾರ'ವೂ ಬಂದಿದೆ. ದಾರಿ ಆಗಲೇ ತೆರೆದಿದೆ. ಆ ದಾರಿಯಲ್ಲಿ ನಮ್ಮ ಭಾಗದ ಮಕ್ಕಳು ಎಲ್ಲಿಗೆ ಹೋಗಬಹುದು, ಹೋಗಿ ಏನು ಮಾಡಬಹುದು ಎಂಬುದನ್ನಷ್ಟು ಹೇಳುತ್ತೇನೆ.

ಮೊದಲು ಶಿವಾಜಿನಗರದ ರಸೆಲ್ ಮಾರುಕಟ್ಟೆ. ಕಂಟೋನ್ಮೆಂಟ್ ಬ್ರಿಟಿಷರ ಕೈಯಲ್ಲಿದ್ದಾಗ, 1927ರಲ್ಲಿ ಕಟ್ಟಿದ ಮಾರುಕಟ್ಟೆ ಇದು. ಆಗಿನ ಮುನಿಸಿಪಲ್ ಕಮಿಷನರ್ ಟಿ. ಬಿ. ರಸೆಲ್ ಅವರ ಹೆಸರನ್ನು ಹೊತ್ತಿದೆ. 2012ರಲ್ಲಿ ಬೆಂಕಿ ಬಿದ್ದು ಎಷ್ಟೋ ಅಂಗಡಿಗಳು ಸುಟ್ಟುಹೋದರೂ ವ್ಯಾಪಾರಿಗಳು ಮತ್ತೆ ಎದ್ದು ನಿಂತರು. ನಾಲ್ಕನೇ ತರಗತಿಯ ಮಕ್ಕಳನ್ನು ಇಲ್ಲಿಗೆ ಕರೆದುಕೊಂಡು ಹೋಗುವಾಗ ಈ ಇತಿಹಾಸವನ್ನೆಲ್ಲ ನಾನು ಮೊದಲೇ ಹೇಳುತ್ತಿರಲಿಲ್ಲ. ಪ್ರತಿ ಗುಂಪಿಗೆ ಒಂದು ದಾರದ ಉಂಡೆ, ಒಂದು ಕತ್ತರಿ, ಒಂದು ನೋಟ್‌ಬುಕ್ ಕೊಡುತ್ತಿದ್ದೆ. ಜೊತೆಗೆ ಒಂದೇ ಒಂದು ಪ್ರಶ್ನೆ: ಒಂದು ಮೊಳ ಹೂವು ಅಂದರೆ ಎಷ್ಟುದ್ದ?

ಹೂವಿನ ಅಂಗಡಿಯ ಮುಂದೆ ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಒಬ್ಬ ಧೈರ್ಯ ಮಾಡಿ ಕೇಳುತ್ತಾನೆ: "ಅಕ್ಕಾ, ನಿಮ್ಮ ಮೊಳ ಎಷ್ಟುದ್ದ?" ಹೂವಿನವರಿಗೆ ನಗು. "ಮೊಳ ಅಂದ್ರೆ ಮೊಳಾನೇ ಕಣಪ್ಪ. ಇಲ್ಲಿಂದ ಇಲ್ಲಿಗೆ" ಎಂದು ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಮಲ್ಲಿಗೆ ದಂಡೆಯನ್ನು ಹಿಡಿದು ತೋರಿಸುತ್ತಾರೆ. ಮಕ್ಕಳು ಅದೇ ಅಳತೆಗೆ ದಾರ ಕತ್ತರಿಸಿಕೊಳ್ಳುತ್ತಾರೆ. ಪಕ್ಕದ ಅಂಗಡಿಯ ಅಣ್ಣನ ಮೊಳಕ್ಕೊಂದು ದಾರ. ಆಮೇಲೆ ತಮ್ಮ ತಮ್ಮ ಕೈಗೂ ಒಂದೊಂದು.

ಶಾಲೆಗೆ ಹಿಂದಿರುಗಿ ಜಗಲಿಯ ಮೇಲೆ ಆ ದಾರಗಳನ್ನೆಲ್ಲ ಅಕ್ಕಪಕ್ಕದಲ್ಲಿ ಹಾಸಿ ಸ್ಕೇಲ್ ಇಡುತ್ತೇವೆ. ದೊಡ್ಡವರ ಮೊಳ ಸುಮಾರು 45 ಸೆಂಟಿಮೀಟರ್. ಒಂಬತ್ತು ವರ್ಷದ ಮಗುವಿನ ಮೊಳ 35ರ ಆಸುಪಾಸು. ಒಂದು ಕ್ಷಣ ಎಲ್ಲರೂ ದಾರಗಳನ್ನೇ ನೋಡುತ್ತಾರೆ. ಆಮೇಲೆ ಹಿಂದಿನ ಸಾಲಿನಿಂದ ಒಂದು ದನಿ: "ಮಿಸ್, ನಾನು ಹೂ ಮಾರಿದ್ರೆ ನಂಗೇ ಲಾಭ!" ಅಳತೆಗೆ ಎಲ್ಲರೂ ಒಪ್ಪುವ ಒಂದು ಮಾನ ಯಾಕೆ ಬೇಕು ಎಂಬ ಪಾಠವನ್ನು ಆ ಮಗು ಮುಗಿಸಿಯೇಬಿಟ್ಟಿತು. ಮೀಟರ್, ಸೆಂಟಿಮೀಟರ್ ಇನ್ನು ಬಾಯಿಪಾಠ ಮಾಡುವ ಹೆಸರುಗಳಲ್ಲ. ಅವು ಒಂದು ಜಗಳವನ್ನು ತಪ್ಪಿಸಲು ಜನ ಮಾಡಿಕೊಂಡ ಏರ್ಪಾಡು ಎಂದು ಅವರಿಗೆ ಗೊತ್ತಾಗಿದೆ.

ಈಗ ಇತಿಹಾಸ ಹೇಳಬಹುದು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಇದೇ ಬೆಂಗಳೂರಿನ ಬಯಲಿನಲ್ಲಿ 100 ಅಡಿ ಉದ್ದದ ಉಕ್ಕಿನ ಸರಪಳಿ ಹಿಡಿದು 7 ಮೈಲಿಗೂ ಉದ್ದದ ನೇರ ಗೆರೆಯೊಂದನ್ನು ಅಳೆದ. 1802ರಲ್ಲಿ ಮದರಾಸಿನಲ್ಲಿ ಶುರುವಾಗಿ ಇಡೀ ದೇಶವನ್ನು ಅಳೆದ ಮಹಾ ತ್ರಿಕೋನಮಿತಿ ಸರ್ವೆಗೆ ಆ ಕೆಲಸವೇ ಪೂರ್ವಸಿದ್ಧತೆಯಾಯಿತು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ಸರಪಳಿ ಉದ್ದವಾಗುತ್ತದೆ ಎಂದು ಅವನು ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ಲೆಕ್ಕ ಸರಿಮಾಡುತ್ತಿದ್ದ. ದಾರ ಹಿಡಿದು ಅಳೆದ ಮಗುವಿಗೆ ಈ ಕಥೆ ನೇರವಾಗಿ ಒಳಗಿಳಿಯುತ್ತದೆ, ಏಕೆಂದರೆ ಅದೂ ಈಗ ಅಳೆದವರ ಗುಂಪಿಗೆ ಸೇರಿದೆ.

ಮಾರುಕಟ್ಟೆಯಲ್ಲಿ ಇನ್ನೊಂದು ಲಾಭವಿದೆ. ನಮ್ಮ ಶಿವಾಜಿನಗರದ ಮಕ್ಕಳ ಮನೆಮಾತು ಉರ್ದು, ತಮಿಳು, ತೆಲುಗು, ಕನ್ನಡ, ಹೀಗೆ ನಾಲ್ಕಾರು. ತರಗತಿಯಲ್ಲಿ ಕನ್ನಡ ಪಾಠ ಓದು ಎಂದರೆ ತಲೆ ತಗ್ಗಿಸುವ ಮಗು ಮಾರುಕಟ್ಟೆಯಲ್ಲಿ ಇಡೀ ಗುಂಪಿಗೆ ದುಭಾಷಿಯಾಗುತ್ತದೆ. ಹಣ್ಣಿನ ಅಂಗಡಿಯವರ ಜೊತೆ ಉರ್ದುವಿನಲ್ಲಿ ಮಾತಾಡಿ, ಬೆಲೆ ಕೇಳಿ, ಗೆಳೆಯರಿಗೆ ಕನ್ನಡದಲ್ಲಿ ಹೇಳುತ್ತದೆ. ಮರುದಿನ ಅದೇ ಮಗು ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ಕೂತರೆ ಬರೆಯುವುದಕ್ಕೆ ಅದರ ಬಳಿ ವಿಷಯವಿರುತ್ತದೆ.

ಎರಡನೆಯ ಜಾಗ ಪಾಟರಿ ಟೌನ್. ಕಂಟೋನ್ಮೆಂಟ್ ರೈಲು ನಿಲ್ದಾಣಕ್ಕೆ ಹತ್ತಿರ, ಬೆನ್ಸನ್ ಟೌನಿನ ಮಗ್ಗುಲಲ್ಲಿರುವ ಕುಂಬಾರರ ಬೀದಿ. ಗಣೇಶನ ಹಬ್ಬದ ಮುಂಚೆ ಹೋದರೆ ಮಣ್ಣಿನ ಗಣಪಗಳು, ದೀಪಾವಳಿಗೆ ಮುಂಚೆ ಹೋದರೆ ಹಣತೆಗಳ ರಾಶಿ. ಎಷ್ಟೋ ಮಕ್ಕಳು ಹಣತೆಯನ್ನು ಅಂಗಡಿಯಲ್ಲಿ ನೋಡಿರುತ್ತಾರೆ, ಅದು ಮಣ್ಣಿನ ಮುದ್ದೆಯಿಂದ ಏಳುವುದನ್ನು ನೋಡಿರುವುದಿಲ್ಲ.

ಇಲ್ಲಿ ನೋಡಿದರೆ ಸಾಲದು, ಮುಟ್ಟಬೇಕು. ತಿರುಗುವ ತಿಗರಿಯ ಮೇಲೆ ಹದವಾದ ಜೇಡಿಮಣ್ಣು. ಕುಂಬಾರರು ಮಗುವಿನ ಎರಡೂ ಕೈಗಳನ್ನು ತಮ್ಮ ಕೈಯೊಳಗೆ ಇಟ್ಟುಕೊಂಡು, ಹೆಬ್ಬೆರಳನ್ನು ಮುದ್ದೆಯ ನಡುವೆ ಮೆಲ್ಲಗೆ ಒತ್ತಿಸುತ್ತಾರೆ. ಗುಳಿ ಬೀಳುತ್ತದೆ, ಅಂಚು ಮೇಲೇಳುತ್ತದೆ. ಸ್ವಲ್ಪ ಜೋರಾಗಿ ಒತ್ತಿದರೆ ಒಂದು ಕಡೆ ಸೊಟ್ಟಗಾಗಿ ಕುಸಿಯುತ್ತದೆ. "ಪರವಾಗಿಲ್ಲ ಪುಟ್ಟ, ಮಣ್ಣು ತಾನೆ, ಮತ್ತೆ ಮಾಡೋಣ" ಎನ್ನುತ್ತಾರೆ. ಪರೀಕ್ಷೆ, ಮಾರ್ಕ್ಸುಗಳ ನಡುವೆ ಬೆಳೆಯುವ ಮಗುವಿಗೆ ಈ ಮಾತನ್ನು ಹೇಳುವವರು ಕಡಿಮೆ. ಕೊನೆಗೆ ದಾರದಿಂದ ಬುಡವನ್ನು ಕತ್ತರಿಸಿ, ಹಸಿ ಹಣತೆಯನ್ನು ಮಗುವಿನ ಅಂಗೈಗೆ ಇಡುತ್ತಾರೆ.

ಇದರಿಂದ ಶಾಲೆಯಲ್ಲಿ ಒಂದು ವಾರದ ವಿಜ್ಞಾನ ನಡೆಯುತ್ತದೆ. ಹಸಿ ಹಣತೆಯ ಅಗಲವನ್ನು ಅಳೆದು ಬರೆದಿಡುವುದು. ಒಣಗಿದ ಮೇಲೆ ಮತ್ತೆ ಅಳೆಯುವುದು. ನೀರು ಆರಿಹೋದಷ್ಟು ಹಣತೆ ಕುಗ್ಗಿರುತ್ತದೆ. ಒಣಗಿದ, ಸುಡದ ಹಣತೆಯೊಂದನ್ನು ನೀರಿಗೆ ಹಾಕಿದರೆ ಕರಗಿ ಮತ್ತೆ ಕೆಸರಾಗುತ್ತದೆ. ಆವಿಗೆಯಲ್ಲಿ ಸುಟ್ಟಿದ್ದು ಕರಗುವುದಿಲ್ಲ. ಹಿಂದಿರುಗಿಸಬಹುದಾದ ಬದಲಾವಣೆ, ಹಿಂದಿರುಗಿಸಲಾಗದ ಬದಲಾವಣೆ ಎಂದು ಮುಂದೆ ವಿಜ್ಞಾನ ಪುಸ್ತಕದಲ್ಲಿ ಬರುವ ದೊಡ್ಡ ಮಾತುಗಳು ಎರಡು ಹಣತೆ, ಒಂದು ಬಕೆಟ್ ನೀರಿನಲ್ಲಿ ಕಣ್ಣಿಗೆ ಕಾಣುತ್ತವೆ. ಇನ್ನೊಂದು ಪ್ರಯೋಗವನ್ನು ಬೇಸಿಗೆಯಲ್ಲಿ ಮಾಡಿ. ಬೆಳಿಗ್ಗೆ ಒಂದೇ ನಲ್ಲಿಯ ನೀರನ್ನು ಮಣ್ಣಿನ ಹೂಜಿಗೂ ಸ್ಟೀಲ್ ಬಿಂದಿಗೆಗೂ ತುಂಬಿ ನೆರಳಲ್ಲಿಡಿ. ಬಿಸಿಯೂಟದ ಹೊತ್ತಿಗೆ ಥರ್ಮಾಮೀಟರ್ ಅದ್ದಿ ನೋಡಿ. ಹೂಜಿಯ ಸಣ್ಣ ರಂಧ್ರಗಳಿಂದ ನೀರು ಹೊರಗೆ ಜಿನುಗಿ, ಆವಿಯಾಗಿ, ಒಳಗಿನ ಶಾಖವನ್ನು ಹೊತ್ತುಕೊಂಡು ಹೋಗಿರುತ್ತದೆ. ಅಜ್ಜಿಯ ಮನೆಯ ಹೂಜಿ ಯಾಕೆ ತಣ್ಣಗಿರುತ್ತದೆ ಎಂಬುದಕ್ಕೆ ಉತ್ತರವನ್ನು ಮಗು ತಾನೇ ಹೇಳುತ್ತದೆ.

ಮೂರನೆಯದು ಹಲಸೂರು ಕೆರೆ. ಕೆಂಪೇಗೌಡರ ಕಾಲದ ಕೆರೆಯೆಂದು ಹೆಸರಾದ, 100 ಎಕರೆಗೂ ಮಿಕ್ಕಿದ ನೀರು. ನಡುವೆ ಮರಗಳು ತುಂಬಿದ ನಡುಗಡ್ಡೆಗಳು. ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿ, ಹದ್ದು, ಎಲ್ಲವನ್ನೂ ರಸ್ತೆ ಬದಿಯ ಬೇಲಿಯ ಹಿಂದೆ ನಿಂತೇ ಗುರುತಿಸಬಹುದು. ಹಕ್ಕಿ ಪಟ್ಟಿ ಮಾಡುವುದು ಮಕ್ಕಳಿಗೆ ಇಷ್ಟದ ಕೆಲಸ. ಅದರ ಜೊತೆಗೆ ನೀರನ್ನೂ ಪರೀಕ್ಷಿಸಲಿ. 1865ರಲ್ಲಿ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ ಬಿಳಿ ತಟ್ಟೆಯೊಂದನ್ನು ಸಮುದ್ರಕ್ಕೆ ಇಳಿಬಿಟ್ಟು, ಅದು ಎಷ್ಟು ಆಳದಲ್ಲಿ ಕಣ್ಣಿಗೆ ಕಾಣದಾಗುತ್ತದೆ ಎಂದು ನೋಡಿದ. ಆಳ ಹೆಚ್ಚಿದ್ದರೆ ನೀರು ತಿಳಿ, ಕಡಿಮೆಯಿದ್ದರೆ ಕದಡಿದ ನೀರು. ಇವತ್ತಿಗೂ ಜಗತ್ತಿನ ಕೆರೆ ವಿಜ್ಞಾನಿಗಳು ಇದೇ ಬಗೆಯ ತಟ್ಟೆಯನ್ನು ಬಳಸುತ್ತಾರೆ. ಹಳೆಯ ತಟ್ಟೆಗೆ ನಾಲ್ಕು ಭಾಗ ಮಾಡಿ ಕಪ್ಪು, ಬಿಳಿ ಬಣ್ಣ ಬಳಿದು, ಅಡಿಗೆ ಒಂದು ಭಾರ ಕಟ್ಟಿ, ಹತ್ತು ಹತ್ತು ಸೆಂಟಿಮೀಟರಿಗೆ ಗಂಟು ಹಾಕಿದ ಹಗ್ಗ ಬಿಗಿದರೆ ಮುಗಿಯಿತು. ದೋಣಿ ಕಟ್ಟೆಯಲ್ಲಿ ಅನುಮತಿ ಪಡೆದು, ಹಗ್ಗವನ್ನು ದೊಡ್ಡವರೇ ಹಿಡಿದು ಇಳಿಸಲಿ. ಮಕ್ಕಳು ಹಿಂದೆ ನಿಂತು ಗಂಟು ಎಣಿಸಲಿ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಅಳೆದು ಗೋಡೆಗೆ ಹಚ್ಚಿದರೆ, ಮಳೆನೀರಿನ ಕಾಲುವೆಗಳಲ್ಲಿ ಏನೇನು ಹರಿದುಬರುತ್ತದೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಕೆರೆ ಉಳಿಸಿ ಎಂಬ ಘೋಷಣೆಯನ್ನು ಮಕ್ಕಳ ಕೈಯಲ್ಲಿ ಬರೆಸುವುದಕ್ಕಿಂತ ಈ ಲೆಕ್ಕ ಅವರಲ್ಲಿ ಹೆಚ್ಚು ಕಾಲ ಉಳಿಯುತ್ತದೆ.

ಇಂದಿರಾನಗರ, ಕೆ. ಆರ್. ಪುರದ ಕಡೆಯ ಶಾಲೆಗಳಿಗೆ ಮೆಟ್ರೊ ಒಂದು ದೊಡ್ಡ ಅನುಕೂಲ. 2011ರ ಅಕ್ಟೋಬರ್‌ನಲ್ಲಿ ನಮ್ಮ ಮೆಟ್ರೊ ಮೊದಲು ಓಡಿದ್ದೇ ಬೈಯಪ್ಪನಹಳ್ಳಿಯಿಂದ ಇಂದಿರಾನಗರ, ಹಲಸೂರು ದಾಟಿ ಎಂ. ಜಿ. ರಸ್ತೆಗೆ. 2023ರಲ್ಲಿ ಅದು ಕೆ. ಆರ್. ಪುರಕ್ಕೂ ಕೂಡಿಕೊಂಡಿತು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಈ ಭಾಗದಲ್ಲಿ ನೆಲೆಸಿದ ಎಷ್ಟೋ ಮನೆಗಳ ಮಕ್ಕಳು ದಿನವೂ ಮೆಟ್ರೊ ಕಂಬದ ಕೆಳಗೆ ನಡೆಯುತ್ತಾರೆ, ಒಳಗೆ ಕೂತಿರುವುದಿಲ್ಲ. ಕೆ. ಆರ್. ಪುರದಲ್ಲಿ ಹತ್ತುವ ಮೊದಲು, ಅಲ್ಲೇ ರೈಲು ಹಳಿಗಳ ಮೇಲೆ ಹಾಯ್ದಿರುವ, ಎಲ್ಲರೂ ಹ್ಯಾಂಗಿಂಗ್ ಬ್ರಿಡ್ಜ್ ಎಂದು ಕರೆಯುವ, 2003ರಲ್ಲಿ ಸಂಚಾರಕ್ಕೆ ತೆರೆದ ಸೇತುವೆಯನ್ನು ಮಕ್ಕಳಿಗೆ ತೋರಿಸಿ. ಮರುದಿನ ಎರಡು ಕುರ್ಚಿ, ಒಂದು ರಟ್ಟಿನ ಪಟ್ಟಿ, ಹುರಿ ದಾರ ಕೊಟ್ಟು ಅಂಥದೇ ಒಂದನ್ನು ಕಟ್ಟಿಸಿ. ದಾರ ಬಿಗಿದಂತೆ ರಟ್ಟು ಬಾಗದೆ ನಿಲ್ಲುವುದನ್ನು ಕಂಡಾಗ, ಭಾರವನ್ನು ಕೆಳಗಿನಿಂದ ಹೊರಬಹುದು, ಮೇಲಿನಿಂದ ಎಳೆದೂ ಹಿಡಿಯಬಹುದು ಎಂದು ಅವರೇ ಹೇಳುತ್ತಾರೆ.

ಮೆಟ್ರೊ ಇಳಿದು ನಡೆದರೆ ಕಸ್ತೂರಬಾ ರಸ್ತೆ. ಅಲ್ಲಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಕಟ್ಟಡವನ್ನು 1962ರಲ್ಲಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು. ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ನೋಡಬಹುದಾದ ಜಾಗ ಅದು. ಪಕ್ಕದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರಿನ ಶಾಸನವನ್ನು ಮಕ್ಕಳಿಗೆ ತಿಳಿಸದೆ ಬಿಡಬೇಡಿ. ಕ್ರಿ.ಶ. 949ರ ಕಾಲದ ಆ ಕಲ್ಲಿನ ಮೇಲೆ ಒಂದು ನಾಯಿಯ ಕಥೆಯಿದೆ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರನಿಗೆ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು 'ಕಾಳಿ' ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಕಾಡುಹಂದಿಯೊಂದಿಗೆ ಕಾದಾಡಿ, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ರಾಜವಂಶಗಳ ಪಟ್ಟಿ ಕೇಳಿ ಆಕಳಿಸುವ ಮಗು ಕಾಳಿಯ ಕಥೆ ಕೇಳಿ, ಅದೇ ಕಲ್ಲಿನಲ್ಲಿ ಬರುವ ರಾಷ್ಟ್ರಕೂಟರು ಯಾರು, ಗಂಗರು ಯಾರು ಎಂದು ತಾನಾಗಿ ವಿಚಾರಿಸುತ್ತದೆ. ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಪರಂಪರೆ ಕೇಂದ್ರವೂ ಇಂದಿರಾನಗರದ ಮಕ್ಕಳಿಗೆ ಹತ್ತಿರ. 1961ರಲ್ಲಿ ಮೊದಲು ಹಾರಿದ, ನಮ್ಮ ಬೆಂಗಳೂರಿನಲ್ಲೇ ತಯಾರಾದ ಮಾರುತ್ ಯುದ್ಧವಿಮಾನದ ಬಗ್ಗೆ ಅಲ್ಲಿ ತಿಳಿಯಬಹುದು.

ಇಷ್ಟೆಲ್ಲ ಜಾಗಗಳ ಹೆಸರು ಹೇಳಿದೆ. ಆದರೆ ಜಾಗಕ್ಕಿಂತ ಮುಖ್ಯವಾದ್ದು ಹೋಗುವ ರೀತಿ. ಒಂದು ದಿನಕ್ಕೆ ಒಂದೇ ಜಾಗ, ಒಂದೇ ಪ್ರಶ್ನೆ. ಆ ಪ್ರಶ್ನೆ ಹೊರಡುವ ಮೊದಲೇ ತರಗತಿಯಲ್ಲಿ ಎದ್ದಿರಬೇಕು. ಅಲ್ಲಿ ಹೋದ ಮೇಲೆ ಮಗುವಿನ ಕೈಗೆ ಒಂದು ಕೆಲಸವಿರಬೇಕು: ಅಳೆಯುವುದು, ಎಣಿಸುವುದು, ಬಿಡಿಸುವುದು, ಕೇಳುವುದು. ಹಿಂದಿರುಗಿದ ಮೇಲೆ ಆ ಕೆಲಸದ ಫಲ ಗಣಿತಕ್ಕೋ ಕನ್ನಡಕ್ಕೋ ಪರಿಸರ ಅಧ್ಯಯನಕ್ಕೋ ಬಳಕೆಯಾಗಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಭೇಟಿ ಬರಿಯ ತಿರುಗಾಟವಾಗುತ್ತದೆ. ಸಾಲಾಗಿ ನಡೆಸಿ, ಗಲಾಟೆ ಮಾಡಬೇಡಿ ಎಂದು ಗದರಿಸಿ, ಬೋರ್ಡಿನ ಮೇಲಿರುವುದನ್ನು ನಕಲು ಮಾಡಿಸಿ ಕರೆತಂದರೆ ಶಾಲೆಯ ಗೋಡೆಯನ್ನೇ ಹೊತ್ತು ತಿರುಗಿದ ಹಾಗೆ.

ಈಗ ಹಣದ ಮಾತು. ಪ್ರವಾಸಕ್ಕೆ ಇಷ್ಟು ಸಾವಿರ ಎಂದು ಚೀಟಿ ಮನೆಗೆ ಹೋದ ದಿನ ಕೆಲವು ಮಕ್ಕಳು ಅದನ್ನು ಅಪ್ಪ ಅಮ್ಮನಿಗೆ ಕೊಡುವುದೇ ಇಲ್ಲ. ಮನೆಯ ಪರಿಸ್ಥಿತಿ ಅವರಿಗೆ ಗೊತ್ತು. ನನಗೆ ಹೊಟ್ಟೆನೋವು, ನನಗೆ ಬಸ್ಸಿನಲ್ಲಿ ವಾಂತಿ ಎಂದು ಏನಾದರೊಂದು ಹೇಳುತ್ತಾರೆ. ಗೆಳೆಯರು ಫೋಟೊ ತೋರಿಸುವಾಗ ಸುಮ್ಮನೆ ಕೂತಿರುವ ಆ ಮಕ್ಕಳ ಮುಖ ನೋಡಿದವರಿಗೆ ಗೊತ್ತು, ಅದು ಶಾಲೆ ಮಾಡಬಾರದ ಕೆಲಸ. ನಡೆದು ಹೋಗುವ, ಬಿಎಂಟಿಸಿ ಬಸ್ಸಿನಲ್ಲಿ ಹೋಗುವ ಭೇಟಿಗೆ ಈ ಕಷ್ಟವಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದ್ದರಿಂದ ಜೊತೆಗೆ ಬರುವ ತಾಯಂದಿರಿಗೂ ಖರ್ಚಿಲ್ಲ. ಉಳಿದ ಮಕ್ಕಳ ಬಸ್ಸು, ಮೆಟ್ರೊ ಟಿಕೆಟ್ಟಿನ ಹಣವನ್ನು ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ, ಹಳೆಯ ವಿದ್ಯಾರ್ಥಿಗಳು, ಬಡಾವಣೆಯ ಸಂಘಗಳು ಸೇರಿ ಹೊಂದಿಸುವುದು ದೊಡ್ಡ ಮಾತಲ್ಲ. ಖಾಸಗಿ ಶಾಲೆಗಳೂ ಯೋಚಿಸಲಿ. ಪಕ್ಕದ ಸರ್ಕಾರಿ ಶಾಲೆಯ ಮಕ್ಕಳನ್ನು ತಮ್ಮ ವ್ಯಾನಿನಲ್ಲಿ ಕೂರಿಸಿಕೊಂಡು ಒಟ್ಟಿಗೆ ಹೋದರೆ ಎರಡೂ ಕಡೆಯ ಮಕ್ಕಳಿಗೆ ಗೆಳೆಯರು ಸಿಗುತ್ತಾರೆ.

ಸುರಕ್ಷತೆಯ ಮಾತನ್ನು ಆಡದೆ ಮುಗಿಸಲಾರೆ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಹೋಗಿದ್ದ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಿನಲ್ಲಿ ತೀರಿಕೊಂಡರು. ಆ ಸುದ್ದಿ ಕೇಳಿದ ಯಾವ ಟೀಚರಿಗೂ ಆ ರಾತ್ರಿ ನಿದ್ದೆ ಬಂದಿರಲಾರದು. ಹೆದರಿಕೆ ಸಹಜ. ಆದರೆ ಹೆದರಿ ಮಕ್ಕಳನ್ನು ಒಳಗೇ ಕೂಡಿಹಾಕುವುದು ಪರಿಹಾರವಲ್ಲ. ಹತ್ತಿರದ ಜಾಗವನ್ನು ಶಿಕ್ಷಕರು ಮುಂಚೆ ಹೋಗಿ ನೋಡಿಬರಬಹುದು. ರಸ್ತೆ ಎಲ್ಲಿ ದಾಟಬೇಕು, ಶೌಚಾಲಯ ಎಲ್ಲಿದೆ, ಕುಡಿಯುವ ನೀರು ಎಲ್ಲಿ ಸಿಗುತ್ತದೆ ಎಂದು ಗುರುತು ಮಾಡಿಕೊಳ್ಳಬಹುದು. ಏಳೆಂಟು ಮಕ್ಕಳಿಗೆ ಒಬ್ಬ ದೊಡ್ಡವರು, ನೀರಿನ ಹತ್ತಿರ ಇನ್ನೂ ಹೆಚ್ಚು. ಪೋಷಕರ ಒಪ್ಪಿಗೆ ಪತ್ರ, ಇಲಾಖೆಯ ಅನುಮತಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಹೊರಡುವಾಗಲೂ ಹತ್ತುವಾಗಲೂ ಇಳಿಯುವಾಗಲೂ ತಲೆ ಎಣಿಕೆ. ಮಧ್ಯಾಹ್ನದ ಊಟದೊಳಗೆ ಹಿಂದಿರುಗುವ ಭೇಟಿಯಲ್ಲಿ ರಾತ್ರಿ ಪ್ರಯಾಣದ, ನಿದ್ದೆಗೆಟ್ಟ ಚಾಲಕನ, ಗೊತ್ತಿಲ್ಲದ ಕಡಲಿನ ಅಪಾಯ ಇರುವುದಿಲ್ಲ.

ಕೊನೆಯದಾಗಿ ಕೆಲವು ಕೋರಿಕೆಗಳು. ಮುಖ್ಯೋಪಾಧ್ಯಾಯರೇ, ತಿಂಗಳ ಒಂದು ಶನಿವಾರವನ್ನು ಇದಕ್ಕೆಂದೇ ಬಿಡಿ, ವರ್ಷದ ಯೋಜನೆಯಲ್ಲಿ ಜೂನ್ ತಿಂಗಳಲ್ಲೇ ಬರೆದಿಡಿ. ಶಿಕ್ಷಣಾಧಿಕಾರಿಗಳೇ, ವಾರ್ಡಿನೊಳಗಿನ ಇಂಥ ಭೇಟಿಗೆ ದೂರದ ಪ್ರವಾಸಕ್ಕೆ ಬೇಕಾದಷ್ಟೇ ಕಾಗದಪತ್ರ ಕೇಳಬೇಡಿ, ಒಂದು ಪುಟದ ಅರ್ಜಿ ಸಾಕಾಗಲಿ. ತಂದೆ ತಾಯಂದಿರೇ, ಬಟ್ಟೆಗೆ ಮಣ್ಣು ಮೆತ್ತಿಕೊಂಡು ಬಂದ ಮಗುವನ್ನು ಬೈಯುವ ಮೊದಲು ಏನು ಮಾಡಿದೆ ಎಂದು ಕೇಳಿ. ಅಂಗಡಿ ಇಟ್ಟವರೇ, ಗ್ಯಾರೇಜಿನವರೇ, ದರ್ಜಿಗಳೇ, ಬೇಕರಿಯವರೇ, ನಿಮ್ಮ ಬೀದಿಯ ಶಾಲೆಗೆ ಹೋಗಿ, ನಮ್ಮಲ್ಲಿಗೆ ಮಕ್ಕಳನ್ನು ಕರೆತನ್ನಿ, ನಮ್ಮ ಕೆಲಸ ತೋರಿಸುತ್ತೇವೆ ಎಂದು ಒಂದು ಮಾತು ಹೇಳಿ. ನೀವು ವರ್ಷಗಟ್ಟಲೆ ಕಲಿತ ಕೆಲಸದಲ್ಲಿ ಮಗುವಿಗೆ ಬೇಕಾದ ಗಣಿತವಿದೆ, ವಿಜ್ಞಾನವಿದೆ, ದುಡಿದು ಬದುಕುವವರ ಬಗ್ಗೆ ಗೌರವವೂ ಇದೆ. ಆ ಕೆಲಸ ನಡೆಯುವ ಕಡೆಗೆ ಮಕ್ಕಳನ್ನು ಕರೆದೊಯ್ಯುವುದು ಶಾಲೆಯ ಹೊಣೆ. ಬಾಗಿಲು ತೆರೆದು ಒಳಗೆ ಕರೆಯುವುದು ಊರಿನ ಹೊಣೆ. ಮುಂದಿನ ಶನಿವಾರದಿಂದಲೇ ಶುರುಮಾಡೋಣ.